ಗಡಿಯಾರದ ಬ್ಯಾರೆಲ್ ಹಲ್ಲು ಮುರಿದಿದೆ: ರಿಪೇರಿಯೋ, ಬದಲಿಯೋ?

ಯಾದಗಿರಿಯಿಂದ ಪ್ರಶ್ನೆ: ಮನೆಯಲ್ಲಿ ಗುಸ್ತಾವ್ ಬೆಕರ್ ಕಂಪನಿಯ ಗೋಡೆ ಗಡಿಯಾರ ಇದೆ, ಎರಡು ಚಾವಿಯದು. ಗಂಟೆ ಬಾರಿಸುವ ಕಡೆಯ ಸ್ಪ್ರಿಂಗ್ ತುಂಡಾಗಿ, ಅದನ್ನು ಸುತ್ತಿಡುವ ಹಲ್ಲಿನ ಡಬ್ಬಿಯ, ಅಂದರೆ ಬ್ಯಾರೆಲ್‌ನ, ಮೂರು ಹಲ್ಲು ಹೋಗಿವೆ, ಪಕ್ಕದ್ದೊಂದು ಬಾಗಿದೆ. ಇದನ್ನೇ ಸರಿಮಾಡಿಸಬಹುದೇ, ಬೇರೆ ಹುಡುಕಬೇಕೇ? ಬಲ್ಲವರು ತಿಳಿಸಿ.

ಕಲಬುರಗಿ: ಮೊದಲು ಇನ್ನೊಂದು ಸ್ಪ್ರಿಂಗ್ ನೋಡ್ರಿ. ವೇಳೆ ನಡೆಸೋ ಕಡೆ ಇನ್ನೂ ಬಲ ತುಂಬಿರ್ತದ. ಚಾವಿ ಗಟ್ಟಿ ಹಿಡಿದು ತುಸು ಮುಂದ ತಿರುವಿ, ಕ್ಲಿಕ್ (ಸ್ಪ್ರಿಂಗ್ ಹಿಂದಕ್ಕ ಬಿಚ್ಚದಂಗ ತಡೆಯೋ ಕೊಂಡಿ) ಎತ್ತಿ, ಅರ್ಧ ಸುತ್ತು ಬಿಟ್ಟು ಮತ್ತ ಕ್ಲಿಕ್ ಕೂಡಿಸ್ರಿ. ಹಿಂಗ ಪೂರಾ ಇಳಿಸೋ ತನಕ ಗಾಲಿಗಳನ್ನ ಹಿಡಿದಿರೋ ಪ್ಲೇಟಿನ ಸ್ಕ್ರೂ ಮುಟ್ಟಬ್ಯಾಡ್ರಿ. ಉರುಟು ಕಟ್ಟಿಗಿ ಹಿಡಿಯ ಚಾವಿ ಇದ್ರ ಭಾಳ ಲೇಸು, ಅಂಗೈಯೊಳಗ ಜಾರಿಸಿ ಬಿಡಬಹುದು.

ಇನ್ನೊಂದು ಮಾತು. ಸ್ಪ್ರಿಂಗ್ ತುಂಡಾದಾಗ ಬ್ಯಾರೆಲ್ ಹಿಂದಕ್ಕ ಒದೀತದ. ಆ ಏಟು ಮುಂದಿನ ಗಾಲಿಯ ಪಿನಿಯನ್‌ಗೂ (ಸಣ್ಣ ಹಲ್ಲುಗಾಲಿ) ಬೀಳ್ತದ. ಅದರ ಎಲೆ (ಹಲ್ಲು) ಬಾಗೇದೇನು, ಪಿವಟ್ (ಅಚ್ಚಿನ ತುದಿ) ಸೊಟ್ಟ ಆಗೇದೇನು ನೋಡದೆ ಹಲ್ಲು ಕೂಡಿಸಿದ್ರ ಆ ಹಲ್ಲೂ ಉಳಿಯೂದಿಲ್ಲ.

ಬೀದರ್: ಮೂರೇ ಹಲ್ಲಾದರೆ ಬ್ಯಾರೆಲ್ ಉಳಿಸಿಕೊಳ್ಳಿ. ಆದರೆ ಸ್ಪ್ರಿಂಗಿನ ತುದಿ ಸಿಕ್ಕಿಸುವ ಒಳಗೋಡೆಯ ಕೊಕ್ಕೆಯನ್ನು ಮೊದಲು ಪರೀಕ್ಷಿಸಿ. ಕೊಕ್ಕೆ ಸವೆದಿದ್ದರೆ ಹೊಸ ಉಕ್ಕಿನ ಕೊಕ್ಕೆ ರಿವೆಟ್ ಮಾಡಬಹುದು. ಅದರ ಸುತ್ತಲಿನ ಗೋಡೆಯೇ ಬಿರುಕು ಬಿಟ್ಟಿದ್ದರೆ ಬೆಸುಗೆಯನ್ನು ನಂಬಬೇಡಿ, ಸ್ಪ್ರಿಂಗಿನ ಪೂರ್ತಿ ಎಳೆತ ಬೀಳುವ ಜಾಗ ಅದು.

ಹಲ್ಲುಗಳು ಪಕ್ಕಪಕ್ಕ ಹೋಗಿದ್ದರೆ ಒಂದೇ ತುಂಡಿನಲ್ಲಿ ಕೂಡಿಸಬೇಕು. ರಿಮ್‌ನಲ್ಲಿ (ಹಲ್ಲಿರುವ ಅಂಚಿನಲ್ಲಿ) ಒಳಗೆ ಅಗಲ, ಹೊರಗೆ ಕಿರಿದಾದ ಕಚ್ಚು ಕೊರೆದು, ಗಟ್ಟಿ ಹಿತ್ತಾಳೆಯ ತುಂಡನ್ನು ಬೆಸುಗೆ ಇಲ್ಲದೆಯೂ ಅಲುಗದಷ್ಟು ಬಿಗಿಯಾಗಿ ಕೂರಿಸಿ. ಆಮೇಲೆ ತವರ-ಸೀಸದ ಮೆದು ಬೆಸುಗೆ: 63 ಪಾಲು ತವರ, 37 ಪಾಲು ಸೀಸದ್ದಾದರೆ 183 ಡಿಗ್ರಿಗೆ ಕರಗುತ್ತದೆ. ಬೆಳ್ಳಿ ಬೆಸುಗೆಗೆ 600 ಡಿಗ್ರಿ ದಾಟಿದ ಕಾವು ಬೇಕು, ಅಷ್ಟರಲ್ಲಿ ಸುತ್ತಲಿನ ಒಳ್ಳೆಯ ಹಲ್ಲುಗಳೂ ಮೆತ್ತಗಾಗುತ್ತವೆ. ಬಾಗಿದ ಹಲ್ಲಿನ ಬುಡದಲ್ಲಿ ಗೀರು ಕಂಡರೆ ನೆಟ್ಟಗೆ ಮಾಡಲು ಹೋಗದೆ ಅದನ್ನೂ ಕತ್ತರಿಸಿ ಅದೇ ತುಂಡಿಗೆ ಸೇರಿಸಿ. ಕೊನೆಗೆ ಬೆಸುಗೆಗೆ ಹಚ್ಚಿದ ಫ್ಲಕ್ಸ್ ಅನ್ನು ಬಿಸಿನೀರಲ್ಲಿ ಪೂರ್ತಿ ತೊಳೆದು ಒಣಗಿಸಿ, ಉಳಿದರೆ ಹೊಸ ಸ್ಪ್ರಿಂಗಿಗೆ ತುಕ್ಕು.

ನಮ್ಮೂರಿನ ಬಿದ್ರಿ ಕೆಲಸದವರ ಕೈಯಲ್ಲಿ ಅರ ಚೆನ್ನಾಗಿ ಓಡುತ್ತದೆ, ಅವರಿಂದ ಹಲ್ಲು ಅರೆಸಿಕೊಳ್ಳಬಹುದು. ಬಿದ್ರಿ ಲೋಹದಲ್ಲಿ ಮಾತ್ರ ಮಾಡಿಸಬೇಡಿ. ಅದರಲ್ಲಿ ಸತುವೇ ಹೆಚ್ಚು, ಹಲ್ಲಿಗೆ ಆಗದಷ್ಟು ಪೆಡಸು. ಹಿತ್ತಾಳೆ ನೀವೇ ಕೊಡಿ.

ಕಲಬುರಗಿ, ಇನ್ನೊಬ್ಬರು: ಹಳೇ ಸ್ಪ್ರಿಂಗ್‌ಗಿಂತ ದಪ್ಪಂದು ಹಾಕಿದ್ರ ಹಲ್ಲು ಮತ್ತ ಹೋಗ್ತಾವ. ಅಗಲ, ದಪ್ಪ, ಉದ್ದ, ಬ್ಯಾರೆಲ್ ಒಳವ್ಯಾಸ, ನಾಲ್ಕೂ ಅಳೀರಿ. ಆರ್ಬರ್ (ಬ್ಯಾರೆಲ್ ನಡುವಿನ ಅಚ್ಚು) ವ್ಯಾಸ ಒಳವ್ಯಾಸದ ಮೂರನೇ ಒಂದು ಪಾಲು, ಉಳಿದ ಜಾಗದ ಅರ್ಧ ಸ್ಪ್ರಿಂಗಿಗೆ, ಇದು ಲೆಕ್ಕ. ಒಳವ್ಯಾಸ 45 ಮಿ.ಮೀ., ಆರ್ಬರ್ 15, ದಪ್ಪ 0.45 ಆದ್ರ ಉದ್ದ ಸುಮಾರು 1,570 ಮಿ.ಮೀ. ಬರ್ತದ. ಉದ್ದ ಹೆಚ್ಚಾದ್ರ ಬ್ಯಾರೆಲ್ ತುಂಬಿಕೊಂಡು ಸುತ್ತು ಕಮ್ಮಿ ಆಗ್ತಾವ, ಗಡಿಯಾರ ವಾರ ನಡೆಯೂದಿಲ್ಲ.

ಕೈಯಿಂದ ತುರುಕಬ್ಯಾಡ್ರಿ. ಸ್ಪ್ರಿಂಗ್ ಶಂಕುವಿನಂಗ ಎದ್ದು ಮುಚ್ಚಳಕ್ಕ ತಿಕ್ಕತದ. ಸ್ಪ್ರಿಂಗ್ ಸುತ್ತಿ ಕೂಡಿಸೋ ವೈಂಡರ್ ಬೇಕೇ ಬೇಕು. ಕೊಬ್ಬರಿ ಎಣ್ಣಿ, ಹೊಲಿಗಿ ಮಷಿನ್ ಎಣ್ಣಿ ಬ್ಯಾಡ. ನಮ್ಮ ಕಡೆ ಬ್ಯಾಸಗಿ 40 ಡಿಗ್ರಿ ದಾಟ್ತದ, ತೆಳು ಎಣ್ಣಿ ನಿಲ್ಲೂದಿಲ್ಲ. ಸ್ಪ್ರಿಂಗ್ ಗ್ರೀಸ್ ತೆಳ್ಳಗ ಹಚ್ಚಿದ್ರ ಸಾಕು.

ಯಾದಗಿರಿ: ಭೂತಕನ್ನಡಿಯಲ್ಲಿ ನೋಡಿದೆ, ಕೊಕ್ಕೆಯ ಬುಡದಿಂದ ಅಂಚಿನವರೆಗೆ ಬಿರುಕಿದೆ.

ಬೀದರ್: ಹಾಗಾದರೆ ಬದಲಿಯೇ. ಹೈದರಾಬಾದಿನ ಜುಮ್ಮೇರಾತ್ ಬಜಾರಿನಂಥ ಕಡೆ ಹಳೆಯ ಯಂತ್ರ ಸಿಕ್ಕರೆ ಹಲ್ಲಿನ ಸಂಖ್ಯೆ, ಹೊರವ್ಯಾಸ, ಒಳ ಎತ್ತರ, ಆರ್ಬರ್ ತೂತು ನಾಲ್ಕೂ ಹೊಂದಬೇಕು. ಮೇಕರ್ ಹೆಸರು ಒಂದೇ ಎಂದು ಕೊಳ್ಳಬೇಡಿ, ಒಂದೇ ಕಂಪನಿಯ ಯಂತ್ರಗಳಲ್ಲೂ ಅಳತೆ ಬೇರೆ ಬೇರೆ. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಬುಷ್ (ತೂತಿಗೆ ಕೂರಿಸುವ ಲೋಹದ ಬಳೆ) ಹಾಕಿಸಿ, ಇಲ್ಲವಾದರೆ ಬ್ಯಾರೆಲ್ ವಾಲುತ್ತದೆ. ಸ್ಪ್ರಿಂಗ್ ಇಲ್ಲದೆ ಬ್ಯಾರೆಲ್ಲನ್ನೂ ಮುಂದಿನ ಗಾಲಿಯನ್ನೂ ಪ್ಲೇಟಿನ ನಡುವೆ ಇಟ್ಟು ಒಂದು ಪೂರ್ತಿ ಸುತ್ತು ಬೆರಳಲ್ಲಿ ತಿರುಗಿಸಿ. ಎಲ್ಲೂ ತಡೆಯದೆ ಉರುಳಿದ ಮೇಲೆಯೇ ಸ್ಪ್ರಿಂಗ್ ಹಾಕಿ.