ಐರನ್ ಮ್ಯಾನ್ ಹೆಲ್ಮೆಟ್ ಕೊಳ್ಳುವುದಾ, ಮಾಡಿಸುವುದಾ? ಕಲಬುರಗಿ ಬಿಸಿಲಿಗೆ ಯಾವುದು ಬಾಳುತ್ತದೆ?

ಶಹಾಬಾದಿ ಕಲ್ಲು, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಸೂಪರ್‌ಹೀರೋ ಸಿನಿಮಾದ ಪ್ರಾಪ್‌ಗಳನ್ನು, ಅಂದರೆ ಸಿನಿಮಾದಲ್ಲಿ ಬಳಸುವ ವಸ್ತುಗಳ ನಕಲುಗಳನ್ನು, ಕೂಡಿಸೋಕೆ ಶುರು ಮಾಡಬೇಕು ಅಂತಿದ್ದೇನೆ. ಶೋಕೇಸಿನಲ್ಲಿ ನಿಲ್ಲಿಸುವ ಸಣ್ಣ ಗೊಂಬೆಗಳಲ್ಲ, ಮೈಮೇಲೆ ಹಾಕಿಕೊಳ್ಳಲು ಬರುವಂಥವು. ಮೊದಲು ಐರನ್ ಮ್ಯಾನ್ ಹೆಲ್ಮೆಟ್, ಆಮೇಲೆ ಕ್ಯಾಪ್ಟನ್ ಅಮೆರಿಕದ ಗುರಾಣಿ. 2008ರಲ್ಲಿ ಮೊದಲ ಐರನ್ ಮ್ಯಾನ್ ಬಂದಾಗ ನಾನಿನ್ನೂ ಹೈಸ್ಕೂಲು. ಆ ಮುಖವಾಡ ಟಪ್ ಅಂತ ಇಳಿದು ಕಣ್ಣಿನಲ್ಲಿ ಲೈಟ್ ಹತ್ತುವುದನ್ನು ನೋಡಿದಾಗಿನಿಂದ ಅದು ತಲೆಯಲ್ಲೇ ಕೂತಿದೆ. ಈಗ ಕೈಯಲ್ಲಿ ಸಂಬಳ ಇದೆ. ಮನೆಯಲ್ಲೂ ಬೇಡ ಅಂದಿಲ್ಲ, ಒಂದು ಕಡೆ ನೀಟಾಗಿ ಇಡು ಅಂತ ಅವ್ವ ಹೇಳಿದ್ದಾಳೆ, ಅಷ್ಟೇ.

ಹ್ಯಾಸ್ಬ್ರೊ ಅನ್ನುವ ಆಟಿಕೆ ಕಂಪನಿಯ ಮಾರ್ವೆಲ್ ಲೆಜೆಂಡ್ಸ್ ಹೆಲ್ಮೆಟ್ ಕೊಳ್ಳುವುದಾ, ಇಲ್ಲ ಯಾರ ಹತ್ತಿರವಾದರೂ 3ಡಿ ಪ್ರಿಂಟ್ ಮಾಡಿಸುವುದಾ? ನಮ್ಮದು ಮೇಲಿನ ಮಹಡಿ, ಎಸಿ ಇಲ್ಲ, ಮೇ ತಿಂಗಳಲ್ಲಿ ಸ್ಲ್ಯಾಬ್ ರೊಟ್ಟಿ ಹಂಚಿನಂತೆ ಕಾಯುತ್ತದೆ. ಹೊರಗೆ 43 ಡಿಗ್ರಿ ಅಂದರೆ ಒಳಗೂ ಹೆಚ್ಚುಕಮ್ಮಿ ಅಷ್ಟೇ. ಪ್ಲಾಸ್ಟಿಕ್ ಸೊಟ್ಟ ಆಗಲ್ವಾ? ಇನ್ನೊಂದು, ನನ್ನ ತಲೆ ದೊಡ್ಡದು, ಬೈಕ್ ಹೆಲ್ಮೆಟ್ಟೇ ಎಕ್ಸ್‌ಎಲ್ ಬೇಕು. ಹೈದರಾಬಾದಿನಲ್ಲಿ ಅಭಿಮಾನಿಗಳು ವೇಷ ಹಾಕಿಕೊಂಡು ಸೇರುವ ಕಾಮಿಕ್ ಕಾನ್ ಮೇಳಕ್ಕೆ ಹಾಕಿಕೊಂಡು ಹೋಗುವ ಆಸೆ ಇದೆ. ಅನುಭವ ಇದ್ದವರು ಹೇಳ್ರಿ.

ಕೋಟೆ ಓಣಿ, ಬೀದರ್:

ಅಣ್ಣಾ, ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಹಾಕಿಕೊಳ್ಳೋಕಾ, ನೋಡೋಕಾ? ಎರಡಕ್ಕೂ ಒಂದೇ ಹೆಲ್ಮೆಟ್ ಸರಿಹೋಗುವುದು ಕಷ್ಟ. ಸಿನಿಮಾದಲ್ಲಿ ಅದು ಮುಖಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದಲ್ಲ, ಅದರಲ್ಲಿ ಬಹಳಷ್ಟು ಕಂಪ್ಯೂಟರ್ ಗ್ರಾಫಿಕ್ಸ್. 2008ರ ಸಿನಿಮಾಗೆ ಸ್ಟ್ಯಾನ್ ವಿನ್‌ಸ್ಟನ್ ಸ್ಟುಡಿಯೋದವರು ನಿಜವಾದ ಸೂಟನ್ನೇ ಮಾಡಿಕೊಟ್ಟಿದ್ದರು, ಆದರೂ ಹಾರಾಟದ ಶಾಟ್‌ಗಳು ಗ್ರಾಫಿಕ್ಸೇ. ಗ್ರಾಫಿಕ್ಸ್ ಹೆಲ್ಮೆಟ್ಟಿನೊಳಗೆ ಕಿವಿಗೆ, ಮೂಗಿಗೆ, ಫೋಮ್ ಪ್ಯಾಡಿಗೆ ಜಾಗ ಬೇಕಿಲ್ಲ. ನಮಗೆ ಬೇಕು. ಹಾಗಾಗಿ ನಿಜವಾಗಿ ತಲೆ ಹೋಗುವ ಹೆಲ್ಮೆಟ್ ಯಾವಾಗಲೂ ಸಿನಿಮಾದ್ದಕ್ಕಿಂತ ದಪ್ಪ ಕಾಣುತ್ತದೆ. ಅಳತೆ ಪಕ್ಕಾ ಸಿನಿಮಾದ್ದೇ ಅಂತ ಯಾರಾದರೂ ಮಾರಿದರೆ ಎಕ್ಸ್‌ಎಲ್ ತಲೆಯವರು ದುಡ್ಡು ಕೊಡುವ ಮೊದಲು ಒಳಗಿನ ಅಳತೆ ಕೇಳಬೇಕು.

ಇನ್ನು ಬಿಸಿಲು. ಪ್ರಿಂಟ್ ಮಾಡುವವರು ಹೆಚ್ಚಾಗಿ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಹಾಕುತ್ತಾರೆ, ಅಗ್ಗ, ಕೆಲಸವೂ ಸಲೀಸು. ಆದರೆ ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಪಿಇಟಿಜಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಸುಮಾರು 80ರ ತನಕ ತಡೆಯುತ್ತದೆ, ಎಬಿಎಸ್ 100ರ ತನಕ. ಅಂದರೆ ನಿಮ್ಮ ಕೋಣೆ 43 ಆದರೂ ಪಿಎಲ್‌ಎಗೆ ಏನೂ ಆಗಲ್ಲ, ಸುಮ್ನೆ ಹೆದರಬೇಡಿ. ಅದನ್ನು ಹಾಳು ಮಾಡುವುದು ಕಾರು. ಬೇಸಿಗೆಯಲ್ಲಿ ಗ್ಲಾಸ್ ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುತ್ತದೆ. ಹೈದರಾಬಾದ್ ದಾರಿಯಲ್ಲಿ ಝಹೀರಾಬಾದಿನಲ್ಲಿ ಊಟಕ್ಕೆ ಇಳಿದು ಬರುವುದರೊಳಗೆ ಗದ್ದದ ಭಾಗ ಬಾಗಿರುತ್ತದೆ. ಪಿಇಟಿಜಿ ಅಥವಾ ಎಬಿಎಸ್‌ನಲ್ಲೇ ಬೇಕು ಅಂತ ಹೇಳಿ ಮಾಡಿಸಿ, ಹೆಲ್ಮೆಟ್ಟಿನ ಗೋಡೆ 3 ಮಿ.ಮೀ.ಗಿಂತ ತೆಳ್ಳಗೆ ಬೇಡ.

ಪ್ರಿಂಟ್ ಮೇಲೆ ಗೆರೆಗೆರೆ ಇರುತ್ತದೆ. ಅದಕ್ಕೆ ಆನ್‌ಲೈನ್ ಕಿಟ್ ಏನೂ ಬೇಕಿಲ್ಲ, ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿಗೆ ಹೋಗಿ. ಪುಟ್ಟಿ ಎಳೆದು, 120 ನಂಬರ್ ಎಮರಿ ಪೇಪರಿನಿಂದ ಶುರು ಮಾಡಿ 400ರ ತನಕ ತಿಕ್ಕಿ, ಪ್ರೈಮರ್ ಹೊಡೆದು, ಮೆಟಾಲಿಕ್ ಕೆಂಪು, ಮೇಲೆ ಕ್ಲಿಯರ್ ಕೋಟ್. ಅವರ ದಿನದ ಕೆಲಸವೇ ಅದು. ಸಿನಿಮಾದಲ್ಲಿ ಐರನ್ ಮ್ಯಾನ್ ಆಗುವ ಟೋನಿ ಸ್ಟಾರ್ಕ್ ಕೂಡ ಆ ಕೆಂಪನ್ನು ತನ್ನ ಗ್ಯಾರೇಜಿನ ಹಳೇ ಕಾರು ನೋಡಿಯೇ ಆರಿಸಿಕೊಳ್ಳುತ್ತಾನೆ, ನೆನಪಿದೆಯಲ್ವಾ?

ಭೀಮಾ ದಂಡೆ, ಯಾದಗಿರಿ:

ನಾನು ಕೊಳ್ಳುವುದಕ್ಕಿಂತ ಮಾಡುವುದರ ಕಡೆ. ಹೆಲ್ಮೆಟ್ ಗಟ್ಟಿ ಪ್ಲಾಸ್ಟಿಕ್ ಇರಲಿ, ಆದರೆ ಮುಂದೆ ಎದೆ, ಭುಜ, ಮೊಣಕೈ ಕಟ್ಟುವಾಗ ಇವಿಎ ಫೋಮ್ ಹಿಡಿಯಿರಿ ತಮ್ಮಾ. ಜಿಮ್ಮಿನಲ್ಲಿ ನೆಲಕ್ಕೆ ಹಾಸುತ್ತಾರಲ್ಲ, ಆ ಮ್ಯಾಟೇ. ಹಗುರ, ಬಿದ್ದರೂ ಒಡೆಯಲ್ಲ. ಹೀಟ್ ಗನ್ ಹಿಡಿದರೆ ಬೇಕಾದ ಹಾಗೆ ಬಾಗುತ್ತದೆ, ಮೇಲಿನ ಸಣ್ಣ ತೂತುಗಳೂ ಮುಚ್ಚಿಕೊಂಡು ಬಣ್ಣ ಜಾಸ್ತಿ ಕುಡಿಯಲ್ಲ. ಅಂಟಿಸೋಕೆ ಬಡಿಗೇರರು ಸನ್‌ಮೈಕಾಗೆ ಬಳಸುವ ರಬ್ಬರ್ ಅಂಟು ಸಾಕು. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಲು ಬಿಟ್ಟು, ಆಮೇಲೆ ಒತ್ತಬೇಕು. ಒಮ್ಮೆ ಕೂತರೆ ಸರಿಸೋಕೆ ಬರಲ್ಲ, ಅದಕ್ಕೆ ಮೊದಲೇ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಕಿಟಕಿ ಬಾಗಿಲು ತೆಗೆದಿಟ್ಟೇ ಮಾಡಿ, ಆ ವಾಸನೆ ತಲೆಗೇರುತ್ತದೆ.

ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದಿದ್ದು ಬೇರೆ. ನಮ್ಮ ಕಡೆ ದೊಡ್ಡಾಟದವರ ಕಿರೀಟ, ಭುಜಕೀರ್ತಿ ನೋಡಿದ್ದೀರಲ್ವಾ? ಬೆಳಗಿನ ತನಕ ಅದನ್ನು ಹೊತ್ತು ಕುಣಿಯುತ್ತಾರೆ. ವೇಷ ಕಟ್ಟುವಾಗ ಹತ್ತಿರ ನಿಂತು ನೋಡಿ. ಮೊದಲು ತಲೆಗೆ ಬಟ್ಟೆ ಬಿಗಿಯಾಗಿ ಸುತ್ತುತ್ತಾರೆ, ಅದರ ಮೇಲೆ ಕಿರೀಟ ಕೂರಿಸಿ ಹಿಂದೆ ದಾರ ಎಳೆದು ಕಟ್ಟುತ್ತಾರೆ. ಭಾರ ನೆತ್ತಿಯ ಒಂದೇ ಜಾಗಕ್ಕೆ ಬೀಳಲ್ಲ, ಸುತ್ತಲೂ ಹಂಚಿಹೋಗುತ್ತದೆ. ನನ್ನ ಸೂಟಿನ ಭುಜ ಕಟ್ಟುವಾಗ ಊರಿನ ಆಟದ ಮಾಸ್ತರರನ್ನು ಕೇಳಿಯೇ ದಾರದ ಜಾಗ ಗುರುತು ಮಾಡಿದೆ. ಎಡ ಭುಜದ ದಾರ ಬೆನ್ನ ಮೇಲಿಂದ ಬಂದು ಬಲ ಕಂಕುಳ ಕೆಳಗೆ ಗಂಟು ಬೀಳಬೇಕು, ಬಲದ್ದು ಎಡಕ್ಕೆ. ಆಗ ಕೈ ಎತ್ತಿದರೂ ಭುಜದ ತುಂಡು ಮೇಲೆದ್ದು ಕಿವಿಗೆ ಬಡಿಯಲ್ಲ. ವಿದೇಶದ ವಿಡಿಯೋಗಳಲ್ಲಿ ಇದಕ್ಕೆ ಬಕಲ್, ಬೆಲ್ಟ್ ಅಂತ ಏನೇನೋ ತೋರಿಸುತ್ತಾರೆ. ನಮ್ಮವರ ದಾರವೇ ಚೆನ್ನಾಗಿ ಹಿಡಿಯುತ್ತದೆ.

ಗಂಜ್ ಹುಡುಗ, ಕಲಬುರಗಿ:

ಇಬ್ಬರೂ ಹೇಳಿದ್ದು ಸರಿ ಇದೆ. ಆದರೆ ಮೊದಲನೇ ಪೀಸ್ ಕೊಂಡುಕೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹ್ಯಾಸ್ಬ್ರೊದ್ದರಲ್ಲಿ ಮುಖವಾಡ ಅಯಸ್ಕಾಂತದಿಂದ ಕೂರುತ್ತದೆ, ಕಣ್ಣಿಗೆ ಎಲ್ಇಡಿ ಇದೆ, ಸದ್ದು ಇದೆ, ಒಳಗಿನ ಅಳತೆ ಸ್ವಲ್ಪ ಹೊಂದಿಸಿಕೊಳ್ಳಬಹುದು. ಇದೆಲ್ಲ ಪ್ರಿಂಟ್ ಮಾಡಿಸಿದ್ದಕ್ಕೆ ಬೇರೆ ಹಾಕಿಸಬೇಕೆಂದರೆ ಖರ್ಚು ಕೂಡುತ್ತಾ ಹೋಗುತ್ತದೆ. ಹಾಕಿಕೊಳ್ಳದ ದಿನಗಳಲ್ಲಿ ಬ್ಯಾಟರಿ ತೆಗೆದಿಡಿ, ನಮ್ಮ ಬಿಸಿಲಿಗೆ ಸೆಲ್ ಬೇಗ ಸೋರುತ್ತದೆ.

ಇಲ್ಲಿ ಸ್ಟಾಕ್ ಇರುವವರ ಹತ್ತಿರವೇ ತಗೊಳ್ಳಿ, ಹೊರದೇಶದಿಂದ ತರಿಸುವ ಗೋಜಿಗೆ ಹೋಗಬೇಡಿ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. 2021ರಿಂದ ಆಟಿಕೆಗೆ ಐಎಸ್‌ಐ ಗುರುತೂ ಕಡ್ಡಾಯ. ಪಾರ್ಸಲ್ ಕಸ್ಟಮ್ಸ್‌ನಲ್ಲಿ ನಿಂತರೆ ಬಿಡಿಸಿಕೊಳ್ಳುವುದರಲ್ಲಿ ಸಾಕಾಗಿಹೋಗುತ್ತದೆ.

ಗುರಾಣಿ ಮಾತ್ರ ಮಾಡಿ. ಕಂಪನಿಯ ಗುರಾಣಿ 60 ಸೆಂ.ಮೀ. ಅಗಲ, ಹಳೇ ಡಿಟಿಎಚ್ ಡಿಶ್ ಕೂಡ ಹೆಚ್ಚುಕಮ್ಮಿ ಅಷ್ಟೇ. ಗುಜರಿಯಲ್ಲಿ ಸಿಗುತ್ತದೆ. ಒಂದು ವಿಷಯ, ಆ ಡಿಶ್ ಪೂರ್ತಿ ದುಂಡಗಿರಲ್ಲ, ಅಗಲಕ್ಕಿಂತ ಎತ್ತರ ಸ್ವಲ್ಪ ಜಾಸ್ತಿ. ಹಾಗೇ ವೃತ್ತ ಎಳೆದು ಬಣ್ಣ ಹೊಡೆದರೆ ನೋಡಿದವರಿಗೆ ತಕ್ಷಣ ಡಿಶ್ ಅಂತ ಗೊತ್ತಾಗುತ್ತದೆ. ಮೊದಲು ನಡು ಹಿಡಿದು ದುಂಡಗೆ ಕತ್ತರಿಸಿ, ಅಂಚು ಉಜ್ಜಿ, ಸೈಕಲ್ ಟ್ಯೂಬ್ ಸೀಳಿ ಸುತ್ತ ಹಾಕಿ. ಜನರ ನಡುವೆ ಹಿಡಿದು ಓಡಾಡುವ ವಸ್ತು, ಯಾರಿಗೂ ತಾಗಬಾರದು. ಸಿನಿಮಾದವರೂ ಹೊಡೆದಾಟದ ಶಾಟಿಗೆ ರಬ್ಬರಿನ ಗುರಾಣಿಯನ್ನೇ ಕೊಡುತ್ತಿದ್ದರು.

ಮತ್ತೆ ದಯವಿಟ್ಟು ಐರನ್ ಮ್ಯಾನ್ ಹೆಲ್ಮೆಟ್ ಹಾಕಿ ಬೈಕ್ ಓಡಿಸಬೇಡಿ. ಸೂಪರ್ ಮಾರ್ಕೆಟ್ ಕಡೆ ಕೆಲವು ಹುಡುಗರನ್ನು ನೋಡಿದ್ದೇನೆ. ಪಕ್ಕಕ್ಕೆ ಕಾಣಲ್ಲ, ಬಿದ್ದರೆ ತಲೆ ಕಾಯಲ್ಲ.

ಶಹಾಬಾದಿ ಕಲ್ಲು, ಕಲಬುರಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಲ್ಮೆಟ್ ಕೊಳ್ಳುತ್ತೇನೆ, ಗುರಾಣಿ ಮಾಡುತ್ತೇನೆ. ಯಾದಗಿರಿ ಅಕ್ಕಾ, ದಾರದ ಉಪಾಯ ಬರೆದಿಟ್ಟುಕೊಂಡೆ. ಇನ್ನೆರಡು ಕೇಳಲಾ? ಕೊಳ್ಳುವ ಮೊದಲು ತಲೆಯ ಅಳತೆ ಹೇಗೆ ತೆಗೆಯಬೇಕು? ಮತ್ತೆ ಬೀದರ್ ಅಣ್ಣಾ, ಬ್ಲ್ಯಾಕ್ ಪ್ಯಾಂಥರ್ ಅನ್ನುವ ಸೂಪರ್‌ಹೀರೋ ಕೊರಳಿನ ಹಲ್ಲುಹಲ್ಲಿನ ಸರ ಬಿದ್ರಿಯಲ್ಲಿ ಮಾಡಿಸೋಕೆ ಆಗುತ್ತದಾ? ಈ ಯೋಚನೆ ಬಂದಾಗಿನಿಂದ ಬೇರೆ ಏನೂ ತೋಚುತ್ತಿಲ್ಲ.

ಕೋಟೆ ಓಣಿ, ಬೀದರ್:

ಅಳತೆ ಸುಲಭ. ಸುತ್ತಳತೆ ಒಂದೇ ಸಾಲದು, ಮೂಗಿನ ತುದಿಯಿಂದ ಹಿಂದಲೆಯ ತನಕ ಎಷ್ಟು ಉದ್ದ, ಕಿವಿಯಿಂದ ಕಿವಿಗೆ ಎಷ್ಟು ಅಗಲ ಅಂತ ನೋಡಬೇಕು. ಗೋಡೆಗೆ ಹಿಂದಲೆ ತಾಗಿಸಿ ನಿಂತು, ಮೂಗಿನ ಮುಂದೆ ಪುಸ್ತಕ ಹಿಡಿದು, ಗೋಡೆಯಿಂದ ಪುಸ್ತಕಕ್ಕೆ ಟೇಪ್ ಹಿಡಿಸಿ. ಕನ್ನಡಕ ಇದ್ದರೆ ಹಾಕಿಕೊಂಡೇ ಅಳೆಯಿರಿ.

ಬಿದ್ರಿ ಸರ ಖಂಡಿತ ಆಗುತ್ತದೆ, ಕೇಳಿಯೇ ಖುಷಿ ಆಯಿತು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಕಪ್ಪು ಮೈ, ಬೆಳ್ಳಿ ಗೆರೆ, ಪ್ಯಾಂಥರ್ ಸೂಟಿನ ಬಣ್ಣವೇ ಅದು. ಆದರೆ ಸತು ಭಾರ, ಮುಖವಾಡದ ಆಸೆ ಬೇಡ. ಸರದ ಹಲ್ಲುಗಳು, ಉಂಗುರ, ಇಷ್ಟು ಚೆನ್ನ. ಹಲ್ಲಿನ ತುದಿ ತೀರಾ ಚೂಪು ಮಾಡಿಸಬೇಡಿ, ಕೆಳಗೆ ಬಿದ್ದರೆ ಮುರಿಯುತ್ತದೆ. ಬರುವಾಗ ಮೊಬೈಲ್ ಫೋಟೋ ಒಂದೇ ತರಬೇಡಿ, ರಟ್ಟಿನಲ್ಲಿ ನಿಜವಾದ ಅಳತೆಗೆ ಕತ್ತರಿಸಿ, ಕೊರಳಿಗೆ ಹಾಕಿ ನೋಡಿಕೊಂಡು ತನ್ನಿ. ಬೆಳ್ಳಿಗೆ ಆವತ್ತಿನ ದರ ಹಾಕುತ್ತಾರೆ, ಎಷ್ಟು ಗ್ರಾಂ ಅಂತ ಅಡ್ವಾನ್ಸ್ ಕೊಡುವ ಮೊದಲೇ ಮಾತಾಡಿಕೊಳ್ಳಿ.