ಬೂದು ಸೀಲ್: ಒಂದೇ ದ್ವೀಪದ ಮರಿಗಳು ಎರಡು ಕ್ಲಸ್ಟರ್ ಆಗಿ ಒಡೆಯುತ್ತಿವೆ, ಏನು ಮಾಡ್ಲಿ?

ಅಲೆಮರಳು
ತಲೆ ಕೆಟ್ಟುಹೋಗಿದೆ. ಸ್ಕಾಟ್ಲೆಂಡಿನ ಐಲ್ ಆಫ್ ಮೇ ಮತ್ತು ನಾರ್ತ್ ರೋನಾದ ಬೂದು ಸೀಲ್ ಮರಿಗಳು, 14 ಮೈಕ್ರೋಸ್ಯಾಟಲೈಟ್ (ಡಿಎನ್‌ಎಯಲ್ಲಿ ಸಣ್ಣ ತುಣುಕು ಪುನರಾವರ್ತಿಸುವ, ಉದ್ದ ಬದಲಾಗುವ ಜಾಗಗಳು). ಮರಿಗಳನ್ನ ಜೀನ್ ಹೋಲಿಕೆಯಿಂದ ಗುಂಪು ಮಾಡುವ ಸ್ಟ್ರಕ್ಚರ್ ಸಾಫ್ಟ್‌ವೇರ್ ಓಡಿಸಿದರೆ, ಗುಂಪಿನ ಸಂಖ್ಯೆ (ಕೆ) ಆರಿಸುವ ಡೆಲ್ಟಾ ಕೆ ಅಳತೆ ಪ್ರತಿ ಸಲವೂ 2 ಅನ್ನುತ್ತೆ. ಸರಿ, ಎರಡು ದ್ವೀಪ ಅಂದುಕೊಂಡು ನೋಡಿದರೆ ಅದೂ ಅಲ್ಲ! ಮೇ ಮರಿಗಳಲ್ಲೇ ಅರ್ಧ ಒಂದು ಗುಂಪು (ಚಿತ್ರದಲ್ಲಿ ಕೆಂಪು), ಅರ್ಧ ಇನ್ನೊಂದು (ನೀಲಿ). ರೋನಾದ್ದೂ ಹಾಗೇ. ಬೆರಕೆ ಬಣ್ಣದ ಮರಿ ಒಂದೂ ಇಲ್ಲ. ಸೆಟ್ಟಿಂಗ್ ಎಲ್ಲ ಮಾಮೂಲಿ. ಯಾರಾದರೂ ದಾರಿ ತೋರಿಸಿ.

ಡೆಲ್ಟಾ_ದ್ವೇಷಿ
"ಮಾಮೂಲಿ" ಅಂದ್ರೆ ಏನು ಸ್ವಾಮಿ? ಅಡ್‌ಮಿಕ್ಸ್ಚರ್ ಮಾಡೆಲ್ಲಾ (ಒಂದು ಮರಿ ಎರಡೂ ಗುಂಪಿಗೆ ಸೇರಬಹುದು ಅನ್ನೋದು)? ಲೋಕ್‌ಪ್ರಯರ್ (ಸ್ಯಾಂಪಲ್ ಸಿಕ್ಕ ಜಾಗದ ಮಾಹಿತಿ) ಹಾಕಿದೀರಾ? ಬರ್ನ್-ಇನ್ (ಲೆಕ್ಕಕ್ಕೆ ಹಿಡಿಯದ ಆರಂಭದ ಸುತ್ತುಗಳು) ಎಷ್ಟು?
ಅದಿರಲಿ, ರೋಗ ಗೊತ್ತಾಯ್ತು. ಎವಾನೋ ಅವರ 2005ರ ಡೆಲ್ಟಾ ಕೆ ಅಕ್ಕಪಕ್ಕದ ಕೆಗಳನ್ನು ಹೋಲಿಸಿ ಲೆಕ್ಕ ಹಾಕುತ್ತೆ, ಹಾಗಾಗಿ ಕೆ=1 ಅದರ ಕಣ್ಣಿಗೆ ಬೀಳೋದೇ ಇಲ್ಲ. ರಚನೆಯೇ ಇಲ್ಲದ ಡೇಟಾಗೂ 2 ಅಂತ ಹೇಳಿಬಿಡುತ್ತೆ. ಕೆ 1ರಿಂದ 6, ಪ್ರತಿಯೊಂದಕ್ಕೂ 10 ಓಟ, ಬರ್ನ್-ಇನ್ 1,00,000, ಆಮೇಲೆ 5,00,000. ಲಾಗ್ ಸಂಭವನೀಯತೆಯ ಸರಾಸರಿ ಕೆ=1ಕ್ಕೇ ಹೆಚ್ಚು ಬಂದರೆ ಮನೆಗೆ ಹೋಗಿ ಮಲಗಿ.

ಅಲೆಮರಳು
ಅಡ್‌ಮಿಕ್ಸ್ಚರ್, ಲೋಕ್‌ಪ್ರಯರ್ ಇಲ್ಲ, ಬರ್ನ್-ಇನ್ ನೀವು ಹೇಳಿದಷ್ಟೇ. ಕೆ=1ಕ್ಕಿಂತ ಕೆ=2ರದ್ದು ತುಂಬಾನೇ ಮೇಲಿದೆ, ಹತ್ತೂ ಓಟದಲ್ಲಿ.

ಡೆಲ್ಟಾ_ದ್ವೇಷಿ
ಹಾಗಾದ್ರೆ ಸ್ಯಾಂಪಲ್ ಸಂಖ್ಯೆ ಅಸಮ ಇರಬೇಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೂ ಡೆಲ್ಟಾ ಕೆ ದಾರಿ ತಪ್ಪಿಸುತ್ತೆ. ಬೆರಕೆ ಎಷ್ಟು ಅಂತ ಹೇಳುವ ಆಲ್ಫಾದ ಆರಂಭದ ಬೆಲೆ ಕಡಿಮೆ ಮಾಡಿ, ಪ್ರತಿ ಗುಂಪಿಗೂ ಬೇರೆ ಆಲ್ಫಾ ಬಿಡಿ.

ಮರಿಲೆಕ್ಕ
ಡೆಲ್ಟಾ ಬಿಡಿ ಗುರೂ. ಸೀಲ್ ಮರಿ ಅಂದಮೇಲೆ ಮೊದಲು ನೋಡಬೇಕಾದ್ದು ಸಂಬಂಧಿಕರನ್ನ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತೆ, ಅದೇ ತೀರದಲ್ಲಿ ಮರಿಗಳು. ಅರೆ-ಸಹೋದರರು ಒಂದೆಡೆ ಸೇರಿದರೆ ಸ್ಟ್ರಕ್ಚರ್ ಅದನ್ನೇ ಜನಸಂಖ್ಯೆ ಅಂತ ತೋರಿಸುತ್ತೆ. ಬಂಧುತ್ವ ಹುಡುಕುವ ಕಾಲನಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಓಡಿಸಿ, ಬಂಧುಗಳನ್ನ ತೆಗೆದು ಮತ್ತೆ ನೋಡಿ.

ಪೀಕ್_ನೋಡಿ
ಲೆಕ್ಕ ಹೊಂದಲ್ಲ. ಹೆಣ್ಣು ವರ್ಷಕ್ಕೆ ಒಂದೇ ಮರಿ ಹಾಕುತ್ತೆ, ಒಂದೇ ಋತುವಿನ ಮರಿಗಳಲ್ಲಿ ಪೂರ್ಣ ಸಹೋದರರು ಸಿಗಲ್ಲ. ಉಳಿದದ್ದು ಅಪ್ಪನ ಕಡೆಯ ಅರೆ-ಸಹೋದರರು. ರೋನಾದಲ್ಲಿ ದೊಡ್ಡ ಗಂಡುಗಳು ನೋಟಕ್ಕೆ ಕಂಡಷ್ಟು ಮರಿಗಳಿಗೆ ಅಪ್ಪಂದಿರಲ್ಲ ಅಂತ 90ರ ದಶಕದಲ್ಲೇ ಡಿಎನ್‌ಎ ತೋರಿಸಿದೆ. ಎರಡು ದ್ವೀಪದಲ್ಲೂ ಒಂದೇ ಥರ ಅರ್ಧಂಬರ್ಧ ಒಡೆಯಲು ಯಾವ ಅಪ್ಪ ಈಜಿ ಬಂದ?

ಮರಿಲೆಕ್ಕ
ಅದೇ ರೋನಾದಲ್ಲಿ ಅದೇ ಜೋಡಿ ಮತ್ತೆ ಮತ್ತೆ ಕೂಡುತ್ತೆ ಅಂತಲೂ ತೋರಿಸಿದಾರೆ. ಹಲವು ವರ್ಷದ ಸ್ಯಾಂಪಲ್ ಆದರೆ ಪೂರ್ಣ ಸಹೋದರರೂ ಸಿಗ್ತಾರೆ. ಯಾವ ವರ್ಷದ್ದು ಅಂತ ಅವರು ಹೇಳಿಲ್ಲ.

ಕೋರ್64
ಇದಕ್ಕೆಲ್ಲ ಯಾಕೆ ಒದ್ದಾಟ? ನನ್ನ ಪೆಟ್ಟಿಗೆ 64 ಕೋರ್, 256 ಜಿಬಿ ರ‍್ಯಾಮ್. ಫೈಲ್ ಕಳಿಸಿ, ಹತ್ತು ಪಟ್ಟು ಉದ್ದ ಓಡಿಸ್ತೀನಿ.

ಪೀಕ್_ನೋಡಿ
ಸ್ಟ್ರಕ್ಚರ್‌ನ ಒಂದು ಓಟ ಬಳಸೋದು ಒಂದೇ ಕೋರ್. 64 ಇದ್ದರೆ 64 ಓಟ ಒಟ್ಟಿಗೆ ಆಗುತ್ತೆ, ಅಷ್ಟೇ. ಕೆಟ್ಟ ಡೇಟಾ ಉದ್ದಕ್ಕೆ ಓಡಿದರೂ ಕೆಟ್ಟದ್ದೇ.
ಅಲೆಮರಳು, ಒಂದು ಸುಳಿವು ಎಲ್ಲರೂ ದಾಟಿಹೋದರು. ರಚನೆಯೇ ಇಲ್ಲದಿದ್ದರೆ ಕೆ=2ರಲ್ಲಿ ಪ್ರತಿ ಮರಿಯೂ ಸುಮಾರು ಅರ್ಧ ಕೆಂಪು, ಅರ್ಧ ನೀಲಿ ಬರಬೇಕು. ನಿಮ್ಮಲ್ಲಿ ಪೂರ್ತಿ ಕೆಂಪು ಇಲ್ಲವೇ ಪೂರ್ತಿ ನೀಲಿ. ಅಂದರೆ ಏನೋ ಗಟ್ಟಿ ವ್ಯತ್ಯಾಸ ಇದೆ, ಅದು ಸೀಲ್‌ನದ್ದಲ್ಲ ಅನ್ನೋದು ನನ್ನ ಅನುಮಾನ. ಬಣ್ಣದ ಪಕ್ಕದಲ್ಲಿ ಲ್ಯಾಬಿನ ಸ್ಯಾಂಪಲ್ ಪ್ಲೇಟಿನ ನಂಬರ್ ಬರೆದು ನೋಡಿ.

ಅಲೆಮರಳು
ಪ್ರೈಮರ್ (ಆ ಜಾಗ ನಕಲಿಸಲು ಹಾಕುವ ಡಿಎನ್‌ಎ ತುಣುಕು) ಎಲ್ಲದಕ್ಕೂ ಒಂದೇ. ಮೊದಲ ಎರಡು ಪ್ಲೇಟ್ ತುಣುಕಿನ ಉದ್ದ ಅಳೆಯುವ ಹಳೆಯ ಯಂತ್ರದಲ್ಲಿ, ಉಳಿದದ್ದು ಹೊಸದರಲ್ಲಿ. ತುಣುಕು ಓಡುವ ಪಾಲಿಮರ್ ಕೂಡ ಬೇರೆ. ಅದರಿಂದೇನಾಗುತ್ತೆ? ಎರಡೂ ಕ್ಯಾಪಿಲರಿ (ತೆಳು ಕೊಳವೆ) ಯಂತ್ರವೇ. ಹ್ಞಾಂ, ಕೆಂಪು ಎಲ್ಲ ಮೊದಲ ಎರಡು ಪ್ಲೇಟಿನವೇ.

ಪೀಕ್_ನೋಡಿ
ಇದನ್ನ ಮೊದಲ ಸಾಲಲ್ಲೇ ಬರೀಬೇಕಿತ್ತು.
ಪಾಲಿಮರ್, ತುಣುಕಿಗೆ ಅಂಟಿಸುವ ಬಣ್ಣ, ಸೈಜ್ ಸ್ಟ್ಯಾಂಡರ್ಡ್ (ಉದ್ದ ಹೋಲಿಸುವ ಅಳತೆಕೋಲು) ಇವುಗಳಲ್ಲಿ ಯಾವುದು ಬದಲಾದರೂ ಅದೇ ತುಣುಕು ಬೇರೆ ವೇಗದಲ್ಲಿ ಓಡುತ್ತೆ, ಅಳತೆ ಒಂದು ಬೇಸ್ (ಡಿಎನ್‌ಎ ಅಕ್ಷರ) ಆಚೀಚೆ ಆಗುತ್ತೆ. ನಿಮ್ಮ ಮೈಕ್ರೋಸ್ಯಾಟಲೈಟ್ ಜಾಗಗಳು ಎರಡೆರಡು ಬೇಸ್ ಪುನರಾವರ್ತನೆಯ ಲೋಕಸ್‌ಗಳಾದರೆ ಹಳೆಯದರಲ್ಲಿ 153, 155, 157 ಅಂತ, ಹೊಸದರಲ್ಲಿ 154, 156, 158 ಅಂತ ಬಂದಿರುತ್ತೆ. ಸ್ಟ್ರಕ್ಚರ್‌ಗೆ ಅವು ಒಂದಕ್ಕೊಂದು ಸಂಬಂಧವೇ ಇಲ್ಲದ ಅಲೀಲ್‌ಗಳು (ಒಂದೇ ಜಾಗದ ಬೇರೆ ಬೇರೆ ರೂಪಗಳು). ಇಂಥ ಮೂರು ಲೋಕಸ್ ಸಾಕು, ಎರಡು ಗುಂಪು ರೆಡಿ.
ಹಿಡಿಯೋದು ಹೀಗೆ: ಪೂರ್ಣಾಂಕ ಮಾಡುವ ಮುಂಚಿನ ದಶಮಾಂಶ ಅಳತೆಗಳನ್ನು ಲೋಕಸ್‌ವಾರು ಏರಿಕೆ ಕ್ರಮದಲ್ಲಿಟ್ಟು, ಯಂತ್ರಕ್ಕೊಂದು ಬಣ್ಣ ಕೊಟ್ಟು ಪ್ಲಾಟ್ ಮಾಡಿ. ಮೆಟ್ಟಿಲುಗಳು ಸರಿದಿದ್ದರೆ ಕಣ್ಣಿಗೇ ಕಾಣುತ್ತೆ. ಜೊತೆಗೆ ದ್ವೀಪಗಳ ನಡುವೆ ಅಲ್ಲ, ಯಂತ್ರಗಳ ನಡುವೆ ಎಫ್‌ಎಸ್‌ಟಿ (ಎರಡು ಗುಂಪಿನ ಜೀನ್ ವ್ಯತ್ಯಾಸದ ಅಳತೆ) ತೆಗೆಯಿರಿ, ಲೋಕಸ್ ಒಂದೊಂದಕ್ಕೂ ಬೇರೆಯಾಗಿ. ಹೆಚ್ಚಿನವು ಸೊನ್ನೆ ಹತ್ತಿರ ಇದ್ದು ಎರಡು-ಮೂರು ಮಾತ್ರ ಎದ್ದು ನಿಂತರೆ ಕಳ್ಳ ಸಿಕ್ಕಿದ.

ಡೆಲ್ಟಾ_ದ್ವೇಷಿ
ಹಾಗಾದ್ರೆ ಹಳೆಯದಕ್ಕೆಲ್ಲ 1 ಕೂಡಿಸಿದರೆ ಮುಗೀತಲ್ಲ. ಆದರೂ ಡೆಲ್ಟಾ ಕೆ ನಂಬಬೇಡಿ.

ಪೀಕ್_ನೋಡಿ
ಕಣ್ಣುಮುಚ್ಚಿ ಕೂಡಿಸಬೇಡಿ. ಅಳತೆ ಸರಿಯುವ ಪ್ರಮಾಣ ಉದ್ದಕ್ಕೂ ಒಂದೇ ಇರಲ್ಲ, 120ರ ಹತ್ತಿರ ಅರ್ಧ ಬೇಸ್ ಇದ್ದದ್ದು 220ರ ಹತ್ತಿರ ಒಂದೂವರೆ ಆಗಬಹುದು. ಹಳೆಯ ಪ್ಲೇಟಿನ 8ರಿಂದ 16 ಡಿಎನ್‌ಎಯನ್ನು ಹೊಸ ಯಂತ್ರದಲ್ಲಿ ಮತ್ತೆ ಓಡಿಸಿ. ಸಣ್ಣ, ಮಧ್ಯಮ, ದೊಡ್ಡ ಅಲೀಲ್ ಮೂರೂ ಇರುವ ಮರಿಗಳನ್ನೇ ಆರಿಸಿ. ಆ ಜೋಡಿಗಳಿಂದ ಹೊಸ ಬಿನ್ (ಯಾವ ಅಳತೆ ಯಾವ ಅಲೀಲ್ ಅನ್ನೋ ಪಟ್ಟಿ) ಕಟ್ಟಿ. ಡಿಎನ್‌ಎ ಮುಗಿದಿದ್ದರೆ ಆ ಲೋಕಸ್ ಬಿಟ್ಟುಬಿಡಿ.
ಒಂದೇ ಯಂತ್ರದೊಳಗೇ ಒಂದು ಬೇಸ್ ಅಂತರದ ಜೋಡಿ ಪೀಕ್ ಕಂಡರೆ ಅದು ಬೇರೆ ರೋಗ: ಡಿಎನ್‌ಎ ನಕಲಿಸುವ ಟ್ಯಾಕ್ ಕಿಣ್ವ ಕೊನೆಗೆ ಅಂಟಿಸುವ ಹೆಚ್ಚುವರಿ ಎ (ಒಂದು ಬೇಸ್) ಕೆಲವು ತುಣುಕಿಗೆ ಅಂಟಿ ಕೆಲವಕ್ಕೆ ಅಂಟಿಲ್ಲ. ಪಿಸಿಆರ್ (ಡಿಎನ್‌ಎ ನಕಲಿಸುವ ಹಂತ) ಕೊನೆಯಲ್ಲಿ 72 ಡಿಗ್ರಿಯಲ್ಲಿ 30 ನಿಮಿಷ ಕೊಡಿ.

ಕೋರ್64
ಮೈಕ್ರೋಸ್ಯಾಟಲೈಟ್ ಬಿಟ್ಟು ಎಸ್‌ಎನ್‌ಪಿಗೆ (ಒಂದೇ ಬೇಸ್‌ನ ವ್ಯತ್ಯಾಸ) ಬನ್ನಿ, ಈ ರಗಳೆಯೇ ಇಲ್ಲ.

ಮರಿಲೆಕ್ಕ
ಎಸ್‌ಎನ್‌ಪಿಯಲ್ಲೂ ಬ್ಯಾಚ್ ವ್ಯತ್ಯಾಸ ಬರುತ್ತೆ, ಸುಮ್ನಿರಿ. ಉತ್ತರದ ಆನೆ ಸೀಲ್‌ಗೆ ಹಾಕಿ ನೋಡಿ: ಬೇಟೆಯಿಂದ ಬೆರಳೆಣಿಕೆಯಷ್ಟಕ್ಕೆ ಇಳಿದು ಈಗ ಲಕ್ಷ ದಾಟಿದರೂ ವೈವಿಧ್ಯ ತೀರಾ ಕಡಿಮೆ. 1974ರಲ್ಲಿ ಪ್ರೋಟೀನ್‌ನ 24 ಲೋಕಸ್ ನೋಡಿದಾಗ ಒಂದರಲ್ಲೂ ವ್ಯತ್ಯಾಸ ಸಿಗಲಿಲ್ಲ. ಅಲ್ಲಿ ನಿಮ್ಮ 64 ಕೋರ್ ಏನು ಹುಡುಕುತ್ತೆ?

ಅಲೆಮರಳು
ಎಫ್‌ಎಸ್‌ಟಿ ತೆಗೆದೆ. ಎದ್ದು ನಿಂತದ್ದು ಮೂರು, ಮೂರೂ ಹಸಿರು ಬಣ್ಣ ಅಂಟಿಸಿದ ಲೋಕಸ್‌ಗಳು. ಅವನ್ನ ತೆಗೆದು 11 ಲೋಕಸ್‌ನಲ್ಲಿ ಓಡಿಸಿದರೆ ಕೆಂಪು-ನೀಲಿ ಮಾಯ, ಎಲ್ಲ ಮರಿಯೂ ಅರ್ಧರ್ಧ. ಆದರೆ ಈಗ ದ್ವೀಪಗಳೂ ಬೇರೆ ಬರ್ತಿಲ್ಲವಲ್ಲ! ಮೇ, ರೋನಾ ಬೇರೆ ಅಂತ 1995ರಲ್ಲೇ ಮೈಕ್ರೋಸ್ಯಾಟಲೈಟ್‌ನಲ್ಲಿ ತೋರಿಸಿದ್ದಾರಲ್ಲ?

ಪೀಕ್_ನೋಡಿ
ಅದು ಅಲೀಲ್ ಆವರ್ತನದ ವ್ಯತ್ಯಾಸ, ಸಣ್ಣದು. ಇಷ್ಟು ಸಣ್ಣದನ್ನ ಸ್ಟ್ರಕ್ಚರ್ ಬರಿಗೈಲಿ ಹಿಡಿಯಲ್ಲ. ಈಗ ಲೋಕ್‌ಪ್ರಯರ್ ಹಾಕಿ, ಅದು ಕೊಡುವ ಆರ್ ಬೆಲೆ ನೋಡಿ. 1ರ ಆಸುಪಾಸು ಅಥವಾ ಕೆಳಗಿದ್ದರೆ ಜಾಗದ ಮಾಹಿತಿ ಕೆಲಸಕ್ಕೆ ಬಂದಿದೆ, ತುಂಬಾ ಮೇಲಿದ್ದರೆ ಇಲ್ಲ. ದ್ವೀಪಗಳ ನಡುವಿನ ಎಫ್‌ಎಸ್‌ಟಿಯನ್ನ ವಿಶ್ವಾಸ ಮಿತಿ ಸಮೇತ ಕೊಡಿ.

ಮರಿಲೆಕ್ಕ
ಅದಕ್ಕೂ ಮುಂಚೆ ಕಾಲನಿ. ಮತ್ತೆ, ವರ್ಷ ಯಾವುದು ಅಂತ ಇನ್ನೂ ಹೇಳಿಲ್ಲ ನೀವು.