ಸಹಾಯ ಬೇಕು: ಮಿನಿ ಟ್ರ್ಯಾಕ್ಟರಿನ ನೇಗಿಲು ಸಮನಾಗಿ ಉಳುತ್ತಿಲ್ಲ

ಗುಂಪಿನ ಹಿರಿಯರಿಗೆಲ್ಲ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಮಕ್ಕಿಗದ್ದೆಯನ್ನು (ಎತ್ತರದ, ಮಳೆಯಾಶ್ರಿತ ಗದ್ದೆ) ಶುಂಠಿಗೆ ಹಸನು ಮಾಡಲು 18 ಎಚ್.ಪಿ. ಮಿನಿ ಟ್ರ್ಯಾಕ್ಟರಿಗೆ ಒಂದೇ ಕುಳದ, ಮಣ್ಣನ್ನು ಬಲಕ್ಕೆ ಮಗುಚುವ ಎಂ.ಬಿ. (ಮೋಲ್ಡ್ ಬೋರ್ಡ್) ನೇಗಿಲನ್ನು ಕಟ್ಟಿದ್ದೇನೆ. ಮೊದಲ ಸಾಲು ಚೆನ್ನಾಗಿಯೇ ಬರುತ್ತದೆ; ಆದರೆ ಎರಡನೆಯ ಸಾಲಿನಲ್ಲಿ ಬಲಗಡೆಯ ಚಕ್ರಗಳು ಸಾಲಿಗಿಳಿದು ಟ್ರ್ಯಾಕ್ಟರು ವಾಲಿದ ಕೂಡಲೇ ನೇಗಿಲೂ ಜೊತೆಗೆ ವಾಲಿ, ಕುಳದ ಮೂತಿ ನೆಲಕ್ಕೆ ಚುಚ್ಚಿಕೊಂಡು, ಎಂಜಿನ್ನು ಏದುಸಿರು ಬಿಡುತ್ತದೆ. ಉತ್ತ ಸಾಲಿನ ತಳವನ್ನು ಬಗ್ಗಿ ನೋಡಿದರೆ, ನೇಗಿಲಿನ ಎಡಬದಿಯಲ್ಲಿ ಸಾಲಿನ ಗೋಡೆಗೆ ಒರಗಿ ಸಾಗುವ ಪಟ್ಟಿಯ ಹಿಮ್ಮಡಿ (ಹಿಂತುದಿ) ಎಳೆದ ಗುರುತೇ ಇಲ್ಲ, ಅಂದರೆ ಹಿಂಭಾಗ ಗಾಳಿಯಲ್ಲಿದೆ.

ಟಾಪ್ ಲಿಂಕನ್ನು (ನೇಗಿಲಿನ ಮೇಲ್ಭಾಗವನ್ನು ಟ್ರ್ಯಾಕ್ಟರಿಗೆ ಜೋಡಿಸುವ ತಿರುಪಿನ ಸರಳು) ಎರಡು ಸುತ್ತು ಉದ್ದ ಮಾಡಿದೆ. ಚುಚ್ಚುವುದು ನಿಂತಿತು, ಆದರೆ ಜಂಬಿಟ್ಟಿಗೆ ಮಣ್ಣು ಗಟ್ಟಿಯಿರುವ ಕಡೆ ಈಗ ನೇಗಿಲು ಒಳಗಿಳಿಯದೆ ಮೇಲೆಯೇ ಜಾರುತ್ತದೆ. (ಹದ ಬರುವ ಮೊದಲೇ ಹೂಡಿದ ತಪ್ಪು ನನ್ನದೂ ಇರಬಹುದು.)

6 ಇಂಚು ಆಳಕ್ಕೆ ಉಳಬೇಕಾದರೆ, ಅಂಗಳದಲ್ಲಿ ಎಡಗಡೆಯ ಎರಡೂ ಚಕ್ರಗಳ ಕೆಳಗೆ 6 ಇಂಚಿನ ಮರದ ತುಂಡುಗಳನ್ನಿಟ್ಟು, ನೇಗಿಲಿನ ಚೌಕಟ್ಟು ನೆಲಕ್ಕೆ ಸಮನಾಗುವವರೆಗೆ ಬಲಗಡೆಯ ಎತ್ತುವ ಸರಳನ್ನು (ನೇಗಿಲು ಕಟ್ಟಿದ ಕೆಳಗಿನ ತೋಳನ್ನು ಎತ್ತಿ ಹಿಡಿಯುವುದು) ಗಿಡ್ಡ ಮಾಡಿ, ಆಮೇಲೆ ಟಾಪ್ ಲಿಂಕಿಗೆ ಕೈ ಹಾಕುವ ಕ್ರಮ ಸರಿಯೇ? ಉಳುವಾಗ, ಆ ತೋಳುಗಳು ಅತ್ತಿತ್ತ ಓಲಾಡದಂತೆ ಹಿಡಿಯುವ ಪಕ್ಕದ ಚೈನುಗಳನ್ನು ಬಿಗಿಯಾಗಿಡಬೇಕೋ, ತುಸು ಸಡಿಲ ಬಿಡಬೇಕೋ? ಎರಡು ಸಾಲುಗಳ ನಡುವೆ ಅಂಗೈ ಅಗಲದ ಪಟ್ಟಿ ಉಳದೆ ಉಳಿಯುತ್ತಿರುವುದರಿಂದ, ಹಿಂಚಕ್ರಗಳ ನಡುವಿನ ಅಂತರವನ್ನು ಕಡಿಮೆ ಮಾಡಬೇಕೇ ಎಂಬುದನ್ನೂ, ಇಂತಹ ಸಣ್ಣ ಗದ್ದೆಗಳಲ್ಲಿ ಉತ್ತು ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕಾಗಿ ಕೋರುತ್ತೇನೆ.